ಸಿರ್ಕಾದ ಮೇಲಿನ ಮಲಾಯಿ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಗಾಜಿನ ಭರಣಿ ಇದೆ. ಅದರ ಬಾಯಿಗೆ ಹಳೆಯ ಮಲ್‌ಮಲ್ ಬಟ್ಟೆ ಕಟ್ಟಿದೆ. ಒಳಗಿರುವುದು ದಾದಿ ಪ್ರತಿ ಮಳೆಗಾಲದಲ್ಲಿ ಹಾಕುವ ನೇರಳೆ ಹಣ್ಣಿನ ಸಿರ್ಕಾ. ಸಿರ್ಕಾ ಎಂದರೆ ವಿನೆಗರ್. ಎರಡು ಮೂರು ವಾರ ಕಳೆದರೆ ಅದರ ಮೇಲೆ ದಪ್ಪನೆಯ, ಜಾರುವ, ಹಾಲಿನ ಕೆನೆಯಂಥ ಒಂದು ಪದರ ಕಟ್ಟುತ್ತದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಅದನ್ನು ನೋಡಿ ಸಿರ್ಕಾ ಕೆಟ್ಟುಹೋಗಿದೆ ಎಂದುಕೊಂಡು ಚಮಚದಿಂದ ತೆಗೆದು ಹಿತ್ತಲಿಗೆ ಎಸೆದಿದ್ದೆ. ಅಂದು ದಾದಿಯಿಂದ ಬೈಗುಳ ತಿಂದೆ. "ಅದು ಸಿರ್ಕಾದ ಮಲಾಯಿ. ಅದು ಇದ್ದರೇ ಮುಂದಿನ ಸಿರ್ಕಾ" ಎಂದು ಅವರು ಹೇಳಿದ್ದು ಇನ್ನೂ ನೆನಪಿದೆ.

ಕಳೆದ ವರ್ಷ ಒಂದು ಸುದ್ದಿ ಓದಿದೆ. ಕೇರಳದಲ್ಲಿ ಒಂದು ಸಣ್ಣ ಕಂಪನಿ ವ್ಯರ್ಥವಾಗುವ ತೆಂಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅವು ಕಟ್ಟುವ ಪದರದಿಂದ ಚರ್ಮದಂಥ ಹಾಳೆ ಮಾಡುತ್ತದೆ. ಆ ಹಾಳೆಯಿಂದ ಚೀಲ, ಪರ್ಸು, ಪಾದರಕ್ಷೆ ಹೊಲಿಯುತ್ತಾರೆ. ಕಂಪನಿಯ ಹೆಸರೇ 'ಮಲಾಯಿ'. ಓದಿದ ಕೂಡಲೇ ಅಡುಗೆಮನೆಗೆ ಹೋಗಿ ಭರಣಿ ನೋಡಿದೆ. ನಾನು ಕಾಮರ್ಸ್ ವಿದ್ಯಾರ್ಥಿ. ವಿಜ್ಞಾನ ವಿಭಾಗದ ಗೆಳೆಯರು ಇದನ್ನು ಓದುವಾಗ ತಪ್ಪು ಕಂಡರೆ ತಿದ್ದಲಿ. ಆದರೆ ಈ ವಿಷಯದಲ್ಲಿ ಲೆಕ್ಕದ ಭಾಗವೂ ದೊಡ್ಡದಿದೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಲೆಕ್ಕ ನನಗೆ ಯಾಕೆ ಬೇಕಾಯಿತು ಎಂದರೆ, ನಮ್ಮದು ಬಾಗವಾನ್ ಮನೆತನ. ಬೆಳವಣಕಿಯಲ್ಲಿ ಅಬ್ಬಾ ಹಣ್ಣಿನ ಗಾಡಿ ಹಾಕುತ್ತಾರೆ, ಸುತ್ತಲಿನ ಊರುಗಳ ಸಂತೆಗೂ ಹೋಗುತ್ತಾರೆ. ಸಗಟು ಮಾಲು ಗದಗಿನಿಂದ ಬರುತ್ತದೆ. ಹಣ್ಣಿನ ವ್ಯಾಪಾರದಲ್ಲಿ ಲಾಭವನ್ನು ಗಿರಾಕಿ ಕೊಡುತ್ತಾನೆ, ನಷ್ಟವನ್ನು ಬಿಸಿಲು ಕೊಡುತ್ತದೆ ಎಂದು ಅಬ್ಬಾ ಹೇಳುವುದುಂಟು. ಕಳೆದ ರಮ್ಜಾನಿನಲ್ಲಿ ಇಫ್ತಾರಿಗೆಂದು ಹೆಚ್ಚು ಮಾಲು ತಂದಿದ್ದರು. ಮಾರಾಟವೂ ಹೆಚ್ಚಿತ್ತು, ಉಳಿದು ಹಾಳಾಗುವುದೂ ಹೆಚ್ಚಿತ್ತು. ಒಂದು ವಾರ ನಾನು ದಿನವೂ ರಾತ್ರಿ ಗಾಡಿಯಿಂದ ಇಳಿದ ಕೆಟ್ಟ ಹಣ್ಣನ್ನು ತಕ್ಕಡಿಗೆ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದೆ. ಬಾಳೆ 11 ಕಿಲೋ, ಪಪ್ಪಾಯಿ 8, ದ್ರಾಕ್ಷಿ 6, ಚಿಕ್ಕು 4, ಉಳಿದದ್ದು 2. ಒಟ್ಟು 31 ಕಿಲೋ. ಖರೀದಿಯ ಬೆಲೆಯಲ್ಲಿ ಹಿಡಿದರೂ ಸಾವಿರ ರೂಪಾಯಿ ದಾಟಿತು. ಲೆಕ್ಕಶಾಸ್ತ್ರದಲ್ಲಿ ಇದನ್ನು ಸಾಧಾರಣ ನಷ್ಟ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಒಂದು ತಿಂಗಳ ಸಾಧಾರಣ ನಷ್ಟದಲ್ಲಿ ನನ್ನ ಮತ್ತು ತಂಗಿಯ ಪುಸ್ತಕ, ಬಸ್ ಪಾಸ್ ಎಲ್ಲ ಆಗುತ್ತದೆ. ಆದ್ದರಿಂದ ಮಲಾಯಿಯ ಸುದ್ದಿ ನನಗೆ ಬರೀ ವಿಜ್ಞಾನದ ಸುದ್ದಿಯಾಗಿ ಕಾಣಲಿಲ್ಲ.

ಮೊದಲು ಆ ಮಲಾಯಿ ಏನು ಎಂಬುದನ್ನು ನೋಡೋಣ.

ಹಣ್ಣಿನ ರಸದಲ್ಲಿ ಸಕ್ಕರೆ ಇರುತ್ತದೆ. ಗಾಳಿಯಲ್ಲಿ, ಹಣ್ಣಿನ ಸಿಪ್ಪೆಯ ಮೇಲೆ ಇರುವ ಈಸ್ಟ್ ಎಂಬ ಸೂಕ್ಷ್ಮಜೀವಿ ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ನಂತರ ಬೇರೆ ಗುಂಪಿನ ಬ್ಯಾಕ್ಟೀರಿಯಾಗಳು ಬಂದು ಮದ್ಯಸಾರವನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಅದೇ ಸಿರ್ಕಾದ ಹುಳಿ. ಇಲ್ಲಿ ನಮ್ಮ ಕಾಲೇಜಿನಲ್ಲಿ ಒಂದು ಪ್ರಶ್ನೆ ಖಂಡಿತ ಏಳುತ್ತದೆ, ನನಗೂ ಎದ್ದಿತ್ತು: ನಡುವೆ ಮದ್ಯ ಆಗುತ್ತದಲ್ಲ, ಹಾಗಾದರೆ ಸಿರ್ಕಾ ಹಲಾಲ್ ಹೇಗೆ? ಮದ್ಯ ತಾನಾಗಿಯೇ ಸಿರ್ಕಾ ಆಗಿ ಬದಲಾದರೆ ಅದು ಹಲಾಲ್ ಎಂಬುದರಲ್ಲಿ ಉಲಮಾಗಳಲ್ಲಿ ಒಮ್ಮತವಿದೆ. ಮನುಷ್ಯ ಬೇಕೆಂದು ಮದ್ಯವನ್ನು ತಂದು ಸಿರ್ಕಾ ಮಾಡಿದರೆ ಏನು ಎಂಬಲ್ಲಿ ಮಾತ್ರ ಮಜ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಹೆಚ್ಚಿನದನ್ನು ತಿಳಿದವರನ್ನೇ ಕೇಳಬೇಕು. ಸಿರ್ಕಾ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ ಎಂಬುದಂತೂ ನಿಮಗೆಲ್ಲ ಗೊತ್ತು.

ಹುಳಿ ಮಾಡುವ ಈ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮಾತ್ರ ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಅವು ನೇಯುತ್ತವೆ. ಅವುಗಳಲ್ಲಿ ಹೆಸರುವಾಸಿಯಾದದ್ದಕ್ಕೆ ಈಗಿನ ಹೆಸರು ಕೊಮಗಟೈಬ್ಯಾಕ್ಟರ್ ಕ್ಸೈಲಿನಸ್. ಹಳೆಯ ಪುಸ್ತಕಗಳಲ್ಲಿ ಅಸಿಟೋಬ್ಯಾಕ್ಟರ್ ಕ್ಸೈಲಿನಮ್ ಎಂದಿರುತ್ತದೆ. ಇದು ರಸದಲ್ಲಿರುವ ಗ್ಲೂಕೋಸನ್ನು ಒಳಗೆ ಎಳೆದುಕೊಂಡು, ಒಂದರ ಪಕ್ಕ ಒಂದು ಮಣಿ ಪೋಣಿಸಿದ ಹಾಗೆ ಸಾವಿರಾರು ಗ್ಲೂಕೋಸ್‌ಗಳನ್ನು ಜೋಡಿಸಿ, ಮೈಯ ಪಕ್ಕದಲ್ಲಿ ಸಾಲಾಗಿರುವ ಸೂಕ್ಷ್ಮ ರಂಧ್ರಗಳಿಂದ ಎಳೆಯಾಗಿ ಹೊರಗೆ ಬಿಡುತ್ತದೆ. ಒಂದು ಬ್ಯಾಕ್ಟೀರಿಯಾ ಒಂದು ಗಂಟೆಯಲ್ಲಿ ಹತ್ತು ಕೋಟಿಯಷ್ಟು ಗ್ಲೂಕೋಸ್ ಮಣಿಗಳನ್ನು ಪೋಣಿಸಬಲ್ಲದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹಾಳೆಯಾಗುತ್ತವೆ. ನಮ್ಮ ಗಜೇಂದ್ರಗಡದ ಮಗ್ಗದಲ್ಲಿ ಹಾಸು ಹೊಕ್ಕು ಎರಡೂ ಬೇಕು. ಇಲ್ಲಿ ಮಗ್ಗವಿಲ್ಲ, ಲಾಳಿಯಿಲ್ಲ. ನೇಕಾರನೇ ತಿರುಗಾಡುತ್ತಾ ನೂಲು ಬಿಡುತ್ತಾನೆ.

ಆ ಎಳೆಯ ಹೆಸರು ಸೆಲ್ಯುಲೋಸ್. ಇದು ಹೊಸ ವಸ್ತುವೇನಲ್ಲ. ನಮ್ಮ ಎರಿ ಹೊಲದಲ್ಲಿ ಬಿಡುವ ಹತ್ತಿ ಬಹುಪಾಲು ಸೆಲ್ಯುಲೋಸೇ. ನೀವು ಈಗ ಹಿಡಿದಿರುವ ಕಾಗದವೂ ಅದೇ. ಜೋಳದ ಹಿಟ್ಟಿನ ಪಿಷ್ಟವೂ ಗ್ಲೂಕೋಸ್ ಮಣಿಗಳ ಸರವೇ. ಆದರೆ ಮಣಿ ಪೋಣಿಸುವ ರೀತಿ ಬೇರೆ. ಆ ಒಂದು ವ್ಯತ್ಯಾಸದಿಂದ ರೊಟ್ಟಿ ನಮಗೆ ಜೀರ್ಣವಾಗುತ್ತದೆ, ಅಂಗಿ ಜೀರ್ಣವಾಗುವುದಿಲ್ಲ. ಗಿಡದ ಸೆಲ್ಯುಲೋಸಿನ ಜೊತೆ ಲಿಗ್ನಿನ್ ಮೊದಲಾದ ಬೇರೆ ವಸ್ತುಗಳೂ ಬೆರೆತಿರುತ್ತವೆ. ಕಾಗದದ ಕಾರ್ಖಾನೆಯವರು ಅವನ್ನು ಬೇರೆ ಮಾಡಲು ಬಹಳ ನೀರು, ರಾಸಾಯನಿಕ ಖರ್ಚು ಮಾಡಬೇಕು. ಬ್ಯಾಕ್ಟೀರಿಯಾದ ಸೆಲ್ಯುಲೋಸಿನಲ್ಲಿ ಅವಿಲ್ಲ. ಎಳೆ ಎಷ್ಟು ಸಣ್ಣದೆಂದರೆ ನಮ್ಮ ತಲೆಕೂದಲಿನ ದಪ್ಪದಲ್ಲಿ ಸಾವಿರದಷ್ಟು ಎಳೆ ಪಕ್ಕಪಕ್ಕ ಹಿಡಿಸುತ್ತವೆ. ಅದಕ್ಕೇ ಹಾಳೆ ತೆಳುವಾದರೂ ಗಟ್ಟಿ.

ಬ್ಯಾಕ್ಟೀರಿಯಾ ಇದನ್ನು ಮನುಷ್ಯರಿಗಾಗಿ ಮಾಡುವುದಿಲ್ಲ. ಅದಕ್ಕೆ ಬದುಕಲು ಗಾಳಿ ಬೇಕು. ರಸದ ತಳದಲ್ಲಿ ಗಾಳಿಯಿಲ್ಲ. ಹೀಗಾಗಿ ರಸದ ಮೇಲೆ ತೆಪ್ಪ ಕಟ್ಟಿಕೊಂಡು ಅದರಲ್ಲಿ ಕೂರುತ್ತದೆ. ತೆಪ್ಪ ಅದನ್ನು ಒಣಗದಂತೆ, ಬಿಸಿಲಿಗೆ ಸಾಯದಂತೆಯೂ ಕಾಯುತ್ತದೆ. ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ: ಪದರ ಬೆಳೆಯುವುದು ಮೇಲ್ಮೈಯಲ್ಲಿ ಮಾತ್ರ. ಆಳವಾದ ಡ್ರಮ್ಮಿನಲ್ಲಿ ನೂರು ಲೀಟರ್ ರಸ ಹಾಕಿದರೂ ಸಿಗುವುದು ಡ್ರಮ್ಮಿನ ಬಾಯಿಯಷ್ಟೇ ಅಗಲದ ಒಂದು ಬಿಲ್ಲೆ. ಅಗಲವಾದ ತಟ್ಟೆಗಳೇ ಬೇಕು, ಅವನ್ನು ಅಲುಗಾಡಿಸಬಾರದು. ಅಲುಗಾಡಿದರೆ ಹಾಳೆಯ ಬದಲು ಸಾಬೂದಾನಿಯಂಥ ಉಂಡೆಗಳಾಗುತ್ತವೆ. ಎಂದರೆ ಈ ಉದ್ಯೋಗಕ್ಕೆ ಜಾಗ ಬೇಕು, ಜಾಗಕ್ಕೆ ಬಾಡಿಗೆ ಬೇಕು. ಕಾಮರ್ಸಿನವರು ಇದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು.

1886ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಜಾನ್ ಬ್ರೌನ್ ಎಂಬ ರಸಾಯನ ವಿಜ್ಞಾನಿ ಸಿರ್ಕಾದ ಮೇಲಿನ ಪದರವನ್ನು ಪರೀಕ್ಷಿಸಿ, ಇದು ಬ್ಯಾಕ್ಟೀರಿಯಾ ಮಾಡಿದ ಸೆಲ್ಯುಲೋಸ್ ಎಂದು ತೋರಿಸಿದ. ಆದರೆ ಇದನ್ನು ಮೊದಲು ಬಳಕೆಗೆ ತಂದವರು ಪ್ರಯೋಗಾಲಯದವರಲ್ಲ, ಫಿಲಿಪೀನ್ಸ್‌ನ ಅಡುಗೆಮನೆಯವರು. ಅಲ್ಲಿ ಅನಾನಸ್ ಸಿಪ್ಪೆ, ತಿರುಳಿನ ರಸವನ್ನು ಹುಳಿ ಬರಿಸಿ, ಮೇಲೆ ಕಟ್ಟುವ ಜೆಲ್ಲಿಯನ್ನು ತೊಳೆದು ಸಕ್ಕರೆ ಪಾಕದಲ್ಲಿ ಹಾಕಿ ತಿನ್ನುವ ರೂಢಿ ಬಹಳ ಹಿಂದಿನದು. ಅದರ ಹೆಸರು ನಾಟಾ. 1949ರಲ್ಲಿ ತೆಯೋದುಲಾ ಕಲಾವ್ ಆಫ್ರಿಕಾ ಎಂಬ ಅಲ್ಲಿನ ಮಹಿಳಾ ರಸಾಯನ ವಿಜ್ಞಾನಿ ಅನಾನಸ್ ಬದಲು ತೆಂಗಿನ ನೀರು ಬಳಸುವ ದಾರಿ ಕಂಡುಹಿಡಿದರು. ಫಾಲೂದಾ, ಜ್ಯೂಸ್ ಬಾಟಲಿಗಳಲ್ಲಿ ಹಲ್ಲಿಗೆ ಕರಕರ ಎನ್ನುವ ಬಿಳಿ ಚೌಕಗಳನ್ನು ನೀವು ತಿಂದಿದ್ದರೆ ಬಹುಶಃ ತಿಂದದ್ದು ಇದನ್ನೇ. ಆಮೇಲೆ ತಿನ್ನುವ ವಸ್ತು ಬೇರೆ ಬೇರೆ ಕಡೆ ಹೊರಟಿತು. 1989ರಲ್ಲಿ ಸೋನಿ ಕಂಪನಿ ಒಂದು ಬಹು ದುಬಾರಿ ಹೆಡ್‌ಫೋನಿನಲ್ಲಿ ಶಬ್ದ ಹೊರಡಿಸುವ ತೆಳು ಪೊರೆಯನ್ನು ಇದರಿಂದ ಮಾಡಿತು, ಏಕೆಂದರೆ ಹಗುರವಾಗಿಯೂ ಬಿಗಿಯಾಗಿಯೂ ಇರುವ ಪೊರೆ ಸಿಗುವುದು ಕಷ್ಟ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬ್ರೆಜಿಲ್‌ನಲ್ಲಿ ಸುಟ್ಟ ಗಾಯಗಳ ಮೇಲೆ ಹಚ್ಚಲು ಇದನ್ನು ತಾತ್ಕಾಲಿಕ ಚರ್ಮವಾಗಿ ಬಳಸಿದರು. ಇದು ತೇವವನ್ನು ಹಿಡಿದಿಡುತ್ತದೆ, ಹೊರಗಿನ ರೋಗಾಣುವನ್ನು ಒಳಗೆ ಬಿಡುವುದಿಲ್ಲ.

ಮತ್ತೆ ಕೇರಳಕ್ಕೆ ಬರೋಣ. ಮಲಾಯಿಯನ್ನು ಶುರು ಮಾಡಿದವರು ಇಬ್ಬರು. ಜುಜಾನಾ ಗೊಂಬೊಶೋವಾ ಎಂಬ ಸ್ಲೊವಾಕಿಯಾ ದೇಶದ ವಿನ್ಯಾಸಗಾರ್ತಿ ಮತ್ತು ಕೇರಳದವರೇ ಆದ ಸುಸ್ಮಿತ್. ಕೊಬ್ಬರಿ ಎಣ್ಣೆಯ ಉದ್ಯಮಕ್ಕೆ ಬಲಿತ ತೆಂಗಿನಕಾಯಿ ಒಡೆಯುತ್ತಾರೆ. ತಿರುಳು ಬೇಕು, ನೀರು ಬೇಡ. ಬಲಿತ ಕಾಯಿಯ ನೀರು ಎಳನೀರಿನಷ್ಟು ರುಚಿಯಿಲ್ಲ, ಚರಂಡಿಗೆ ಹೋಗುತ್ತದೆ. ಅದು ಹುಳಿಯಾಗಿ ಮಣ್ಣನ್ನೂ ಕೆಡಿಸುತ್ತದೆ. ಒಂದು ಸಣ್ಣ ತೆಂಗಿನ ಘಟಕದಿಂದ ದಿನಕ್ಕೆ 4,000 ಲೀಟರ್‌ವರೆಗೂ ನೀರು ಸಿಗುತ್ತದೆ, ಅದರಿಂದ 320 ಚದರ ಮೀಟರ್ ಹಾಳೆ ಮಾಡಬಹುದು ಎಂಬುದು ಕಂಪನಿಯವರೇ ಹೇಳುವ ಲೆಕ್ಕ. ನೀರನ್ನು ಕಾಯಿಸಿ ಶುದ್ಧ ಮಾಡಿ, ತಟ್ಟೆಗಳಿಗೆ ಸುರಿದು, ಬ್ಯಾಕ್ಟೀರಿಯಾ ಬಿಟ್ಟು ಸುಮಾರು ಎರಡು ವಾರ ಕಾಯುತ್ತಾರೆ. ಬಂದ ಜೆಲ್ಲಿಯನ್ನು ತೊಳೆದು, ಬಾಳೆ ದಿಂಡಿನ ನಾರು, ಕತ್ತಾಳೆ ನಾರು, ಗಿಡದ ಅಂಟು ಬೆರೆಸಿ ಹಾಳೆಯಾಗಿ ಒಣಗಿಸುತ್ತಾರೆ.

ನಾರು ಯಾಕೆ ಬೆರೆಸಬೇಕು ಎಂಬುದು ನಾನೇ ಮಾಡಿ ನೋಡುವವರೆಗೆ ತಿಳಿದಿರಲಿಲ್ಲ. ದಾದಿಯ ಅಪ್ಪಣೆ ಪಡೆದು ಒಂದು ತುಂಡು ಮಲಾಯಿಯನ್ನು ತೊಳೆದು, ಎರಡು ದಿನ ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಳಿಗೆಯಲ್ಲಿ ಒಣಗಿಸಿದೆ. ನನ್ನ ಕಿರುಬೆರಳಿನಷ್ಟು ದಪ್ಪವಿದ್ದದ್ದು ಸಂಜೆಗೆ ಹಪ್ಪಳಕ್ಕಿಂತ ತೆಳುವಾಗಿತ್ತು. ಆ ಜೆಲ್ಲಿಯಲ್ಲಿ ನೂರರಲ್ಲಿ ತೊಂಬತ್ತೆಂಟು ಪಾಲು ಬರೀ ನೀರು! ಒಣಗಿದ ತುಂಡು ಅರೆಪಾರದರ್ಶಕವಾಗಿ, ಡೋಲಿನ ಚರ್ಮದಂತೆ ಬಿಗಿಯಾಗಿತ್ತು. ಹರಿಯಲು ನೋಡಿದೆ, ಹರಿಯಲಿಲ್ಲ. ಮಡಚಿದೆ, ಗೆರೆ ಬಿತ್ತು, ಇನ್ನೊಮ್ಮೆ ಮಡಚಿದರೆ ಸೀಳಿತು. ನೀರು ಬಿದ್ದರೆ ಮತ್ತೆ ಉಬ್ಬಿತು. ಈ ಸ್ಥಿತಿಯಲ್ಲಿ ಅದರಿಂದ ಪರ್ಸ್ ಮಾಡಿದರೆ ಮೊದಲ ಮಳೆಗೇ ಮುಗಿಯಿತು. ಮೃದು ಮಾಡಲು, ನೀರು ತಡೆಯಲು, ಮಡಿಕೆಗೆ ತಾಳಲು ಮಾಡುವ ಕೆಲಸವೇ ನಿಜವಾದ ಕಸುಬು. ಬ್ಯಾಕ್ಟೀರಿಯಾ ಅರ್ಧ ಕೆಲಸ ಮಾಡಿ ಸುಮ್ಮನಾಗುತ್ತದೆ. ಆ ತುಂಡು ಈಗ ನನ್ನ ಅಕೌಂಟೆನ್ಸಿ ಪುಸ್ತಕದಲ್ಲಿ ಪುಟದ ಗುರುತಾಗಿದೆ.

ಈಗ ಲೆಕ್ಕ. ನಮ್ಮ 31 ಕಿಲೋದಲ್ಲಿ ಸಿಪ್ಪೆಯನ್ನೂ ಹೆಚ್ಚು ಮೆತ್ತಗಾದದ್ದನ್ನೂ ಆಡುಗಳಿಗೆ ಹಾಕುತ್ತೇವೆ. ಅದು ವ್ಯರ್ಥವಲ್ಲ, ಆಡಿಗೆ ಬಕ್ರೀದ್‌ನಲ್ಲಿ ಬೆಲೆಯಿದೆ. ಉಳಿದ ಚೊಕ್ಕ ತಿರುಳಿನಿಂದ 20 ಲೀಟರ್ ರಸ ಬರುತ್ತದೆ ಎಂದು ಇಟ್ಟುಕೊಳ್ಳೋಣ. ಲೀಟರಿಗೆ ಐದು ಗ್ರಾಂ ಒಣ ಸೆಲ್ಯುಲೋಸ್ ಬಂದರೆ ಅದು ಕೆಟ್ಟ ಇಳುವರಿಯೇನಲ್ಲ. ಹಾಗೆ ಹಿಡಿದರೂ ಒಂದು ವಾರದ ಎಲ್ಲ ಹಣ್ಣಿನಿಂದ ಬರುವುದು 100 ಗ್ರಾಂ. 2024-25ರಲ್ಲಿ ಮಧ್ಯಮ ಎಳೆಯ ಹತ್ತಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 7,121 ರೂಪಾಯಿ. ಹತ್ತಿಯ ಜೊತೆ ತಕ್ಕಡಿಯಲ್ಲಿ ಕೂರಿಸಿದರೆ ನನ್ನ 100 ಗ್ರಾಮಿಗೆ ಏಳು ರೂಪಾಯಿ ಚಿಲ್ಲರೆ. ಇದನ್ನು ಅಬ್ಬಾರಿಗೆ ಹೇಳಿದಾಗ ಅವರು ನಗಲಿಲ್ಲ, "ಹಾಗಾದರೆ ಆ ಕೇರಳದವರು ಹೇಗೆ ಬದುಕುತ್ತಾರೆ?" ಎಂದು ಕೇಳಿದರು. ಸರಿಯಾದ ಪ್ರಶ್ನೆ.

ಉತ್ತರ ಹುಡುಕಲು ನನಗೆ ಒಂದು ತಿಂಗಳು ಹಿಡಿಯಿತು. ಅವರು ಸೆಲ್ಯುಲೋಸನ್ನು ತೂಕದ ಮೇಲೆ ಮಾರುವುದಿಲ್ಲ. ಹತ್ತಿ ಮಾಡಲಾಗದ ಕೆಲಸವನ್ನು ಅದು ಎಲ್ಲಿ ಮಾಡುತ್ತದೋ ಅಲ್ಲಿ ಮಾರುತ್ತಾರೆ. ಗಾಯದ ಪಟ್ಟಿ, ಹೆಡ್‌ಫೋನಿನ ಪೊರೆ, ಪ್ರಾಣಿಯ ಚರ್ಮ ಬೇಡವೆನ್ನುವವರ ಚೀಲ. ಹಾಳೆ ಚದರ ಮೀಟರಿನಲ್ಲಿ ಹೋಗುತ್ತದೆ, ಕ್ವಿಂಟಲಿನಲ್ಲಿ ಅಲ್ಲ. ಇದು ಒಂದು.

ಇನ್ನೊಂದು, ನನಗೆ ಹೆಚ್ಚು ಮುಖ್ಯವೆನಿಸಿದ್ದು, ಕಚ್ಚಾಮಾಲು. ತೆಂಗಿನ ಘಟಕದಲ್ಲಿ ನೀರು ಒಂದೇ ಜಾಗದಲ್ಲಿ, ಪ್ರತಿದಿನ, ಒಂದೇ ಬಗೆಯದು, ಕಾಯಿ ಒಡೆದ ಗಳಿಗೆಯಲ್ಲಿ ತಾಜಾ ಸಿಗುತ್ತದೆ. ನಮ್ಮ ಗಾಡಿಯಲ್ಲಿ ಇಂದು ಬಾಳೆ, ನಾಳೆ ಪಪ್ಪಾಯಿ, ಶ್ರಾವಣದಲ್ಲಿ ಒಂದು, ರಮ್ಜಾನಿನಲ್ಲಿ ಇನ್ನೊಂದು. ಪ್ರತಿಯೊಂದರಲ್ಲಿ ಸಕ್ಕರೆ ಬೇರೆ. ದ್ರಾಕ್ಷಿಯಲ್ಲಿ ನೂರಕ್ಕೆ ಹದಿನೈದರ ಮೇಲೆ, ಪಪ್ಪಾಯಿಯಲ್ಲಿ ಅದರ ಅರ್ಧ. ಬ್ಯಾಕ್ಟೀರಿಯಾಕ್ಕೆ ಹಣ್ಣಿನ ಹೆಸರು ಬೇಕಿಲ್ಲ, ಸಕ್ಕರೆ ಇದ್ದರೆ ಸಾಕು. ಆದರೆ ದಿನವೂ ಒಂದೇ ಥರದ ಹಾಳೆ ಬೇಕೆಂದರೆ ದಿನವೂ ಒಂದೇ ಥರದ ಊಟ ಹಾಕಬೇಕು. ತೆಂಗಿನ ನೀರಿನಲ್ಲೂ ಸಕ್ಕರೆ ಕಡಿಮೆಯೇ ಇದೆ. ನಾಟಾ ಮಾಡುವ ಒಂದು ಪ್ರಚಲಿತ ವಿಧಾನದಲ್ಲಿ ಲೀಟರಿಗೆ ನೂರು ಗ್ರಾಂ ಸಕ್ಕರೆಯನ್ನು ಮೇಲಿಂದ ಹಾಕುತ್ತಾರೆ. ಎಂದರೆ 'ವ್ಯರ್ಥದಿಂದ' ಎಂದು ಬರೆದಲ್ಲೂ ಅಂಗಡಿಯ ಸಕ್ಕರೆಯ ಬಿಲ್ಲು ಇರುತ್ತದೆ. ಸುದ್ದಿಯಲ್ಲಿ ಆ ಬಿಲ್ಲನ್ನು ಯಾರೂ ತೋರಿಸುವುದಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಕೇರಳದ ಆ ಸ್ಥಿತಿಗೆ ಹತ್ತಿರವಾದದ್ದು ಎಲ್ಲಿದೆ? ತಿಪಟೂರು ಎಂದರೆ ಕೊಬ್ಬರಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡೆ. ಆದರೆ ತಿಪಟೂರಿನ ಉಂಡೆ ಕೊಬ್ಬರಿಗೆ ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ನೀರು ಒಳಗೇ ಇಂಗಿಹೋಗುತ್ತದೆ. ಅಲ್ಲಿ ಚರಂಡಿಗೆ ಹೋಗುವ ನೀರೇ ಇಲ್ಲ! ಅದೇ ತುಮಕೂರು ಜಿಲ್ಲೆಯಲ್ಲಿ ಹಸಿ ಕಾಯಿ ಒಡೆದು ತುರಿದು ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಗಳಿವೆ. ಅಲ್ಲಿ ನೀರು ಇದೆ. ಕರಾವಳಿಯಲ್ಲಿ ಗೋಡಂಬಿ ಹಣ್ಣು. ಬೀಜ ಕಿತ್ತುಕೊಂಡು ರಸ ತುಂಬಿದ ಹಣ್ಣನ್ನು ಬಹುಪಾಲು ತೋಟದಲ್ಲೇ ಬಿಡುತ್ತಾರೆ, ಅದು ಒಂದೇ ದಿನದಲ್ಲಿ ಕೊಳೆಯುತ್ತದೆ. ಪುತ್ತೂರಿನಲ್ಲಿ ಗೋಡಂಬಿ ಸಂಶೋಧನಾ ನಿರ್ದೇಶನಾಲಯವೇ ಇದೆ. ಕೋಲಾರದ ಕಡೆ ಮಾವು, ವಿಜಯಪುರದ ಕಡೆ ದ್ರಾಕ್ಷಿ. ಒಂದೇ ಹಣ್ಣು, ಒಂದೇ ಜಾಗ, ಒಟ್ಟಿಗೆ. ನಮ್ಮ ರೋಣ ತಾಲ್ಲೂಕು ಹತ್ತಿ, ಕಡಲೆ, ಹೆಸರು, ಉಳ್ಳಾಗಡ್ಡಿಯ ಸೀಮೆ. ಹಣ್ಣು ನಮ್ಮಲ್ಲಿಗೆ ಬರುವುದು ಗಾಡಿಯಲ್ಲಿ ಮಾತ್ರ.

ಹಾಳೆಯೊಂದೇ ದಾರಿಯಲ್ಲ ಎಂಬುದನ್ನೂ ಹೇಳಬೇಕು. ನಾವು ಕೊಬ್ಬು ಕೂಡಿಡುವಂತೆ ಕೆಲವು ಬ್ಯಾಕ್ಟೀರಿಯಾಗಳು ಹೆಚ್ಚಾದ ಸಕ್ಕರೆಯನ್ನು ಮೈಯೊಳಗೆ ಪ್ಲಾಸ್ಟಿಕ್ ಹರಳುಗಳಾಗಿ ಕೂಡಿಡುತ್ತವೆ. 1926ರಲ್ಲಿ ಫ್ರಾನ್ಸಿನ ಮೋರಿಸ್ ಲೆಮ್ವಾನ್ ಇದನ್ನು ಗುರುತಿಸಿದ. ಪಿ.ಎಚ್.ಬಿ. ಎಂಬ ಈ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬಾ ಮ್ಯಾನ್ಶನ್‌ನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಎಂದರೆ ಸಿ.ಎಫ್.ಟಿ.ಆರ್.ಐ.ಯ ವಿಜ್ಞಾನಿಗಳೂ ಈ ಬಗ್ಗೆ ಸಂಶೋಧನೆ ಮಾಡಿದ್ದಾರೆ. ಪೆಟ್ರೋಲಿಯಂ ಪ್ಲಾಸ್ಟಿಕ್ಕಿಗಿಂತ ಇದು ಇನ್ನೂ ದುಬಾರಿ. ಬ್ಯಾಕ್ಟೀರಿಯಾದ ಊಟದ ಖರ್ಚೇ ಬೆಲೆಯ ದೊಡ್ಡ ಪಾಲು. ಅದಕ್ಕೇ ಅವರು ಕೂಡ ಅಗ್ಗದ ಸಕ್ಕರೆ ಎಲ್ಲಿ ವ್ಯರ್ಥವಾಗುತ್ತಿದೆ ಎಂದು ಹುಡುಕುತ್ತಿರುತ್ತಾರೆ. ಇದನ್ನು ಅಡುಗೆಮನೆಯಲ್ಲಿ ಮಾಡಲು ಆಗದು, ಹೀಗಾಗಿ ನಾನು ಅಷ್ಟಕ್ಕೇ ಬಿಟ್ಟೆ.

ಗಾಡಿಯ ಹಣ್ಣಿಗೆ ಕೊನೆಗೆ ಉಳಿದದ್ದು ದಾದಿಯ ದಾರಿ. ಬೆರಕೆ ಹಣ್ಣಿನಿಂದ ಸಿರ್ಕಾ ಆಗುತ್ತದೆ. ಹಾಳೆಗೆ ಬೇಕಾದಷ್ಟು ಏಕರೂಪ ಸಿರ್ಕಾಕ್ಕೆ ಬೇಡ, ರುಚಿ ಸ್ವಲ್ಪ ಬದಲಾದರೆ ಯಾರೂ ಬೇಡ ಎನ್ನುವುದಿಲ್ಲ. ಆಳವಾದ ಭರಣಿಯೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಮಾರಲು ಕಾನೂನಿನ ಲೆಕ್ಕವಿದೆ. ಹುದುಗಿಸಿ ಮಾಡಿದ ಸಿರ್ಕಾದಲ್ಲಿ ಅಸಿಟಿಕ್ ಆಮ್ಲ ಕನಿಷ್ಠ ಶೇಕಡಾ 3.75 ಇರಬೇಕು, ಆಹಾರ ಸುರಕ್ಷತಾ ನೋಂದಣಿ ಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಿಳಿ ವಿನೆಗರ್ ಬಾಟಲಿಯನ್ನು ಒಮ್ಮೆ ತಿರುಗಿಸಿ ಓದಿ. ಹಲವು ಬಾಟಲಿಗಳ ಮೇಲೆ ಸಿಂಥೆಟಿಕ್ ಎಂದಿರುತ್ತದೆ. ಅದು ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು, ಹಣ್ಣೂ ಇಲ್ಲ, ಜೀವವೂ ಇಲ್ಲ. ಹಾಗೆ ಮುದ್ರಿಸುವುದು ಕಡ್ಡಾಯವಾದ್ದರಿಂದ ನಮಗೆ ತಿಳಿಯುತ್ತದೆ.

ನನ್ನ ಮೊದಲ ಭರಣಿ ಹಾಳಾಯಿತು. ಉಮೇದಿನಲ್ಲಿ ಕೊಳೆತ ದ್ರಾಕ್ಷಿಯನ್ನೂ ಹಿಸುಕಿ ಹಾಕಿದ್ದೆ, ಹಳೆಯ ಸಿರ್ಕಾ ಬೆರೆಸಲು ಮರೆತಿದ್ದೆ. ಆರನೆಯ ದಿನ ಹಸಿರು ಬೂಷ್ಟು ಬಂತು, ವಾಸನೆಗೆ ಪಕ್ಕದ ಮನೆಯ ಖಾಲಾ ಬಂದು ಕೇಳಿದರು. ಅಮ್ಮಿ ಭರಣಿ ಸಮೇತ ಹೊರಗೆ ಇಟ್ಟರು. ದಾದಿ ಹೇಳಿದ ಮೇಲೆ ತಿಳಿದದ್ದು: ಹೆಚ್ಚು ಕಳಿತ ಹಣ್ಣು ಬೇರೆ, ಕೊಳೆತ ಹಣ್ಣು ಬೇರೆ. ಕಪ್ಪು ಚುಕ್ಕೆಯ ಬಾಳೆ ನಡೆಯುತ್ತದೆ. ಬೂಷ್ಟು ಹಿಡಿದದ್ದು ನಡೆಯುವುದಿಲ್ಲ, ಏಕೆಂದರೆ ಕೆಲವು ಬೂಷ್ಟುಗಳ ವಿಷ ಸಿರ್ಕಾ ಆದ ಮೇಲೂ ಉಳಿಯಬಹುದು. ರಸದ ಐದನೆಯ ಒಂದು ಪಾಲಾದರೂ ಹಳೆಯ ಹುಳಿ ಸಿರ್ಕಾ ಬೆರೆಸಬೇಕು, ಆ ಹುಳಿಯಲ್ಲಿ ಬೂಷ್ಟಿಗೆ ತಳವೂರಲು ಆಗುವುದಿಲ್ಲ. ಮೇಲೆ ಒಂದು ತುಂಡು ಮಲಾಯಿ ತೇಲಿಬಿಡಬೇಕು. ಬಿಗಿ ಮುಚ್ಚಳ ಹಾಕಬಾರದು, ಬಟ್ಟೆ ಕಟ್ಟಬೇಕು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆ ಬೇಡವೇ ಬೇಡ, ಹುಳಿ ಅವನ್ನು ತಿನ್ನುತ್ತದೆ. ಮೇಲೆ ಹಸಿರು, ಕಪ್ಪು, ಕೂದಲಿನಂಥದ್ದು ಕಂಡರೆ ಯೋಚಿಸದೆ ಚೆಲ್ಲಬೇಕು. ಮಲಾಯಿ ನುಣುಪಾಗಿ ಒದ್ದೆಯಾಗಿರುತ್ತದೆ, ಬೂಷ್ಟು ಒಣಗಿ ರೋಮ ರೋಮವಾಗಿರುತ್ತದೆ. ಒಮ್ಮೆ ನೋಡಿದರೆ ಮತ್ತೆ ತಪ್ಪುವುದಿಲ್ಲ.

ಎರಡನೆಯ ಭರಣಿ ಬಾಳೆ ಮತ್ತು ದ್ರಾಕ್ಷಿಯದು. ಏಳು ವಾರ ಹಿಡಿಯಿತು. ನಾಲ್ಕು ಲೀಟರಿನಷ್ಟು ಬಂತು. ಅದರ ಹುಳಿಯನ್ನು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸಾಯನ್ಸಿನ ಗೆಳತಿಯೊಬ್ಬಳು ಉಪನ್ಯಾಸಕರ ಮುಂದೆ ಟೈಟ್ರೇಶನ್ ಮಾಡಿ ನೋಡಿದಳು. 3.75ಕ್ಕೆ ಇನ್ನೂ ಸ್ವಲ್ಪ ಕಡಿಮೆ ಬಂತು. ಪಪ್ಪಾಯಿ ಸೇರಿಸದಿದ್ದದ್ದೇ ಒಳ್ಳೆಯದಾಯಿತು, ಸೇರಿಸಿದ್ದರೆ ಇನ್ನೂ ಕೆಳಗೆ ಇಳಿಯುತ್ತಿತ್ತು. ಈಗ ಮೂರನೆಯದರಲ್ಲಿ ದ್ರಾಕ್ಷಿಯ ಪಾಲು ಹೆಚ್ಚಿಸಿದ್ದೇನೆ. ಅಬ್ಬಾ ಇನ್ನೂ ನಂಬಿಲ್ಲ, ಆದರೆ ರಾತ್ರಿ ಗಾಡಿ ಇಳಿಸುವಾಗ ದ್ರಾಕ್ಷಿಯನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದಾರೆ, ಒಡೆದದ್ದನ್ನು ಒಂದು ಕಡೆ, ಕೊಳೆತದ್ದನ್ನು ಇನ್ನೊಂದು ಕಡೆ.

ಮಲಾಯಿಯ ತುಂಡು ಬೇಕಾದವರು ಕಾಮರ್ಸ್ ವಿಭಾಗದಲ್ಲಿ ಕೇಳಿ. ಅಗಲ ಬಾಯಿಯ ಗಾಜಿನ ಬಾಟಲಿ ಬಿಸಿನೀರಿನಲ್ಲಿ ತೊಳೆದು ತನ್ನಿ. ಟಿಫಿನ್ ಡಬ್ಬಿಯಲ್ಲಿ ಕೊಡುವುದಿಲ್ಲ. ದಾದಿಯ ಷರತ್ತು ಇನ್ನೊಂದಿದೆ: ನಿಮ್ಮಲ್ಲಿ ಅದು ಬೆಳೆದು ದಪ್ಪವಾದ ಮೇಲೆ ಒಂದು ಪದರವನ್ನು ಮುಂದಿನವರಿಗೆ ಕೊಡಬೇಕು.